ಸಂಜೆ ಆರೂವರೆಯ ಸಾಮು

ನಮ್ಮ ಮಾವನ ಕುಡಿತ ಬಿಡಿಸಿದ್ದು ಯಾರು ಅನ್ನುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅಜ್ಜಿ ಇರುವ ತನಕ ಅದು ಬೆಟ್ಟದ ತಾಯಿಯ ದಯೆ ಎಂದೇ ವಾದಿಸಿದಳು. ಅತ್ತೆ ತಾವು ಹೊತ್ತ ಹರಕೆಗಳ ಪಟ್ಟಿ ತೆಗೆಯುತ್ತಾರೆ. ನಮ್ಮಮ್ಮನ ಮತ ಆಸ್ಪತ್ರೆಯ ಡಾಕ್ಟರಮ್ಮನಿಗೆ. ಗರಡಿಯ ಉಸ್ತಾದರನ್ನು ಕೇಳಿದ್ದರೆ ಸುಮ್ಮನೆ ಮಟ್ಟಿಯ ಮಣ್ಣಿನ ಕಡೆ ಕೈ ತೋರಿಸುತ್ತಿದ್ದರು. ಮಾವನನ್ನೇ ಕೇಳಿದರೋ, "ಬಿಟ್ಟಿದ್ದೀನಿ ಅಂತ ಯಾರು ಹೇಳಿದ್ದು? ಇವತ್ತು ಕುಡಿದಿಲ್ಲ, ಅಷ್ಟೇ" ಎಂದು ಎದ್ದು ಹೋಗುತ್ತಾರೆ. ಈ ಕಥೆಯಲ್ಲಿ ಮಾವನಷ್ಟೇ ಬೆವರು ಸುರಿಸಿದವನು ನಾನು. ನನ್ನನ್ನು ಮಾತ್ರ ಯಾರೂ ಕೇಳಿಲ್ಲ. ಕೂತಿದ್ದೀರಲ್ಲ, ಹೇಳಿಬಿಡುತ್ತೇನೆ.

ನಡೆದದ್ದು 2008ರಲ್ಲಿ, ಮೈಸೂರಿನಲ್ಲಿ. ನಂಜುಮಳಿಗೆಯ ಹತ್ತಿರ ಅಜ್ಜಿಯದು ಹೆಂಚಿನ ಮನೆ. ನಾನು ಆಗಷ್ಟೇ ಡಿಗ್ರಿ ಮುಗಿಸಿ, ಅರ್ಜಿ ಹಾಕುವುದನ್ನೇ ಕೆಲಸ ಮಾಡಿಕೊಂಡು, ಆ ಮನೆಯಲ್ಲಿ ಮೂರು ಹೊತ್ತು ಉಣ್ಣುತ್ತಿದ್ದೆ. ಮಾವ ಮಂಡಿ ಮೊಹಲ್ಲಾದ ಒಂದು ಕಾರ್ಖಾನೆಯಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುತ್ತಿದ್ದರು. ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಗಳನ್ನು ತೀರ ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ಬೀಟೆ ಹಲಗೆಯಲ್ಲಿ ಅದೇ ಆಕಾರಕ್ಕೆ ಕುಳಿ ತೋಡಿ, ಗೋಂದು ಹಾಕಿ ಕೂರಿಸುವ ಕಸುಬು ಅದು. ಹಿಂದೆ ಬಿಳಿಗೆ ಆನೆಯ ದಂತ ಬಳಸುತ್ತಿದ್ದರು. ದಂತ ನಿಷೇಧವಾದ ಮೇಲೆ ಪ್ಲಾಸ್ಟಿಕ್ಕು ಬಂತು. ಜಂಬೂ ಸವಾರಿಯ ಚಿತ್ರ ಮಾಡುವುದರಲ್ಲಿ ಮಾವನದು ಎತ್ತಿದ ಕೈ. ಆದರೆ ಕೈ ಒಂದಿಷ್ಟು ನಡುಗಿದರೂ ಆನೆಯ ಸೊಂಡಿಲು ಹೋಗಿ ಬಾಲವಾಗುವ ಕೆಲಸ ಅದು. ಮಾವನ ಕೈ ನಡುಗಲು ಶುರುವಾಗಿ ಎಷ್ಟೋ ಕಾಲವಾಗಿತ್ತು.

ಶುರುವಿನಲ್ಲಿ ಸಂಜೆ ಮಾತ್ರ ಕುಡಿಯುತ್ತಿದ್ದರು. ಬರಬರುತ್ತಾ ಬೆಳಿಗ್ಗೆ ನಡುಕ ನಿಲ್ಲಿಸುವುದಕ್ಕೂ ಬೇಕಾಯಿತು. ಅದನ್ನವರು ಔಷಧಿ ಎಂದೇ ಕರೆಯುತ್ತಿದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಪ್ಯಾಕೆಟ್ಟು ಹೋಗಿ ಕ್ವಾರ್ಟರ್ ಬಾಟ್ಲಿ ಬಂತು, ಖರ್ಚು ಹೆಚ್ಚಾಯಿತು. ದೀಪದ ತುಪ್ಪ ದಂಡವಾಯಿತು.

ಮರುವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅಜ್ಜಿ ತನ್ನದೇ ಚಿಕಿತ್ಸೆ ಕೈಗೊಂಡಳು. ಮಗನನ್ನು ನಡುಮನೆಯ ಪಕ್ಕದ ಕೋಣೆಗೆ ಹಾಕಿ ಚಿಲಕ ಜಡಿದಳು. "ಎರಡು ದಿನ ಬೆವತು ಬಿದ್ದಿರಲಿ, ಇಳಿಯುತ್ತೆ" ಅಂದಳು. ಮೊದಲ ದಿನ ಮಾವ ಬೈದರು, ಬೇಡಿದರು, ವಾಂತಿ ಮಾಡಿದರು. ಎರಡನೆಯ ರಾತ್ರಿ ಗೋಡೆಯ ತುಂಬ ಇರುವೆ ಹರಿಯುತ್ತಿದೆ ಎಂದು ಕೈಯಲ್ಲಿ ಒರೆಸತೊಡಗಿದರು. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಅತ್ತೆಯ ತೊಡೆಯ ಮೇಲೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಜ್ಜಿಗೆ ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು: "ವರ್ಷಗಟ್ಟಲೆ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಮ್ಮಾ. ಮೊದಲ ಮೂರು ನಾಲ್ಕು ದಿನ ನಮ್ಮ ಕಣ್ಣೆದುರೇ ಇರಬೇಕು." ಡ್ರಿಪ್ಪಿನಲ್ಲಿ ಗ್ಲೂಕೋಸ್ ಹೋಗುವ ಮುಂಚೆಯೇ ಬಿ-1 ವಿಟಮಿನ್ನಿನ ಇಂಜೆಕ್ಷನ್ ಕೊಡಿಸಿದರು. ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದಂತೆ. ಅದನ್ನು ತುಂಬದೆ ಸಕ್ಕರೆ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದಂತೆ. ನಡುಕಕ್ಕೆ ಕೊಟ್ಟ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಬಂದರು. ಮನೆಗೆ ಕಳಿಸುವ ಹೊತ್ತಿಗೆ ಮಾವನ ಕೈ ನಿಂತಿತ್ತು. ಬೆಳಗಿನ ಔಷಧಿಯ ಅಗತ್ಯವೇ ಹೋಗಿತ್ತು. ಉಳಿದದ್ದು ಸಂಜೆ. ಆದರೆ ಆಗ ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಹೊರಡುವ ದಿನ ಮಾವ, "ಮೇಡಂ, ಚಿಕ್ಕಂದಿನಲ್ಲಿ ಗರಡಿಗೆ ಹೋಗ್ತಿದ್ದೆ. ಮೈ ಹಾಳಾಗಿದೆ. ನಾಳೆಯಿಂದ ಓಡ್ಲಾ?" ಅಂದರು. ಡಾಕ್ಟರಮ್ಮ ನಕ್ಕು, ಅವರನ್ನು ಮತ್ತೆ ಮಂಚದ ಮೇಲೆ ಮಲಗಿಸಿದರು. ಇಸಿಜಿ ಆಯಿತು. ಬಿ.ಪಿ. ನೋಡಿದರು. ಒಂದು ಉಕ್ಕಿನ ಕವೆಗೋಲನ್ನು ತಟ್ಟಿ ಮಾವನ ಹೆಬ್ಬೆರಳಿನ ಮೇಲಿಟ್ಟು, ಅದುರುವುದು ಗೊತ್ತಾಗುತ್ತಾ ಎಂದು ಕೇಳಿದರು. ಬಲಗಾಲಿನಲ್ಲಿ ಗೊತ್ತಾಯಿತು, ಎಡಗಾಲಿನಲ್ಲಿ ಅಷ್ಟಾಗಿ ಇಲ್ಲ. ಕುಡಿತ ಕಾಲಿನ ನರಗಳನ್ನೂ ತಿನ್ನುತ್ತದೆ, ಅಂಗಾಲಿಗೆ ಕಲ್ಲು ಚುಚ್ಚಿದರೂ ತಿಳಿಯದೆ ಹೋಗಬಹುದು, ಹೃದಯದ ಬಡಿತವೂ ತಾಳ ತಪ್ಪಬಹುದು ಎಂದು ವಿವರಿಸಿದರು. "ಸದ್ಯಕ್ಕೆ ಓಟ ಬೇಡ, ಭಾರ ಎತ್ತೋದು ಬೇಡ. ಸಮತಟ್ಟು ಜಾಗದಲ್ಲಿ ನಡೀರಿ. ಮೆತ್ತನೆ ಶೂ ಹಾಕ್ಕೊಳ್ಳಿ. ಖಾಲಿ ಹೊಟ್ಟೇಲಿ ಹೋಗ್ಬೇಡಿ. ಎಷ್ಟು ಜೋರು ಅಂದ್ರೆ, ನಡೀತಾ ನಡೀತಾ ಪಕ್ಕದೋರ ಹತ್ರ ಮಾತಾಡೋಕೆ ಆಗ್ಬೇಕು. ಮಾತು ನಿಂತ್ರೆ ನೀವೂ ನಿಲ್ಲಿ." ಪಕ್ಕದವರು ಯಾರು ಎನ್ನುವುದನ್ನು ಅಜ್ಜಿ ಆಗಲೇ ತೀರ್ಮಾನಿಸಿಯಾಗಿತ್ತು. ಅವಳು ನನ್ನ ಕಡೆ ನೋಡುತ್ತಿದ್ದಳು.

ಹೀಗೆ ನಾನು ಕುಕ್ಕರಹಳ್ಳಿ ಕೆರೆಯ ವಾಯುವಿಹಾರಿಯಾದೆ. ಬೆಳಿಗ್ಗೆ ಐದಕ್ಕೆ ಅಜ್ಜಿ ರಾಗಿ ಗಂಜಿಯ ಲೋಟ ಹಿಡಿದು ನಿಂತಿರುತ್ತಿದ್ದಳು, ಒಂದು ಮಗನಿಗೆ, ಒಂದು ನನಗೆ. ಕೆರೆಯ ಏರಿಯ ಮೇಲೆ ಮೈಸೂರಿನ ಅರ್ಧ ಮೇಷ್ಟ್ರುಗಳು ನಡೆಯುತ್ತಿದ್ದರು. ನೀರಿನ ನಡುವೆ ಗಿಡಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುತ್ತಿದ್ದವು. ಮೊದಲ ದಿನಗಳಲ್ಲಿ ಮಾವ ಎರಡು ಬೆಂಚಿನ ದೂರ ನಡೆದು ಮೂರನೆಯದರ ಮೇಲೆ ಕೂರುತ್ತಿದ್ದರು. ಬೆವರಿಗೆ ಹುಳಿ ವಾಸನೆ. ಕಾಲು ಜೋಮು ಹಿಡಿದು ಬೆರಳು ಎಲ್ಲಿದೆ ಎಂದು ಬಗ್ಗಿ ನೋಡಿಕೊಳ್ಳುತ್ತಿದ್ದರು. ಜೇಬಿನಲ್ಲಿ ಕಡ್ಲೆಮಿಠಾಯಿ ಇಟ್ಟುಕೊಂಡಿರುತ್ತಿದ್ದರು. ಕುಡಿತ ಬಿಟ್ಟ ಮೇಲೆ ಸಿಹಿಯ ಆಸೆ ವಿಪರೀತವಾಗಿತ್ತು. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲರಿ ಇರುತ್ತದೆ, ಅಷ್ಟು ವರ್ಷ ಮೈ ಅದರ ಮೇಲೇ ನಡೆದಿದೆ, ಈಗ ಹಸಿವು ಹೆಚ್ಚುವುದು ಸಹಜ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆಷಾಢದ ಶುಕ್ರವಾರಗಳು ಬಂದು ಹೋಗುವಷ್ಟರಲ್ಲಿ ಬೆಂಚುಗಳ ಲೆಕ್ಕ ಬಿಟ್ಟು ಏರಿಯ ಕೊನೆಯ ತನಕ ಹೋಗಿ ಬರುವಂತಾದರು. ಬೀದಿಯವರೆಲ್ಲ ಶಭಾಷ್ ಅಂದರು. ಅಜ್ಜಿ ಇನ್ನೊಂದು ದೀಪ ಹಚ್ಚಿದಳು.

ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಂಡಿದ್ದು ಬೆಳಗಿನ ಮಾವನನ್ನು ನೋಡಿ. ಸಂಜೆಯ ಮಾವ ಬೇರೆಯೇ ಆಗಿದ್ದರು. ಆರಕ್ಕೆ ಕಾರ್ಖಾನೆ ಬಿಟ್ಟು ಮನೆಗೆ ಬರುತ್ತಿದ್ದರು, ಆರೂವರೆಗೆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಟ ಶುರು. ಗಡಿಯಾರ ನೋಡುವರು, ಟಿ.ವಿ. ಹಾಕುವರು, ಆರಿಸುವರು. ಸಾರಿಗೆ ಉಪ್ಪು ಕಡಿಮೆ ಎಂದು ಅತ್ತೆಯ ಮೇಲೆ ಹಾರಾಡುವರು. ಸಾರು ಇನ್ನೂ ಒಲೆಯ ಮೇಲೇ ಇರುತ್ತಿತ್ತು. ವಾರದಲ್ಲಿ ಕೆಲವು ಸಂಜೆ ಎ.ಎ. ಸಭೆ ಇರುತ್ತಿತ್ತು, ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು ಅದು. ಸಭೆಯಿದ್ದ ಸಂಜೆ ಮನೆ ತಣ್ಣಗಿರುತ್ತಿತ್ತು, ಇಲ್ಲದ ಸಂಜೆ ಸಾರಿಗೆ ಉಪ್ಪಿರುತ್ತಿರಲಿಲ್ಲ.

ನಾನು ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಮಾವನನ್ನು ಕೇಳಿದರು, "ನೀವು ದಿನಾ ಕುಡೀತಿದ್ದಿದ್ದು ಎಷ್ಟು ಹೊತ್ತಿಗೆ?"

"ಕಾರ್ಖಾನೆ ಬಿಟ್ಟ ಮೇಲೆ, ಮೇಡಂ. ಆರೂವರೆ, ಏಳು."

"ಮತ್ತೆ ಬೆಳಿಗ್ಗೆ ಐದಕ್ಕೆ ಯಾಕೆ ನಡೀತಿದ್ದೀರಾ?"

ಮಾವ ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಬೇಕಿತ್ತು, ಅವಳು ಬಂದಿರಲಿಲ್ಲ. ಕುಡಿಯುವ ಆಸೆ ಬಂದಾಗ ಅದು ಏರುತ್ತಾ ಹೋಗುತ್ತದೆ, ಒಂದು ಮಟ್ಟಕ್ಕೆ ಮುಟ್ಟಿ ತಾನಾಗಿ ಇಳಿಯುತ್ತದೆ, ಬಹಳ ಸಲ ಅರ್ಧ ಗಂಟೆ ತಳ್ಳಿದರೆ ಸಾಕು ಎಂದರು ಡಾಕ್ಟರಮ್ಮ. ಆ ಅರ್ಧ ಗಂಟೆಯಲ್ಲಿ ಮೈಗೆ ಬೇರೆ ಕೆಲಸ ಇರಬೇಕು. ಮಾತ್ರೆಯೂ ನಡೆಯಲಿ, ಸಭೆಯೂ ನಡೆಯಲಿ, ವ್ಯಾಯಾಮ ಅವುಗಳ ಜೊತೆಗಿರಲಿ.

ಸಂಜೆ ಕೆರೆಗೆ ಹೋದೆವು. ಅಲ್ಲೊಂದು ತೊಡಕು. ಕತ್ತಲಾಗುತ್ತಿದ್ದಂತೆ ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸಿ ಗೇಟು ಹಾಕುತ್ತಿದ್ದ. ಅಂದರೆ ಸರಿಯಾಗಿ ಮಾವನ ಗಂಡಾಂತರದ ಹೊತ್ತಿಗೆ, ನಡೆದು ದಣಿದು ಹಸಿದ ಮಾವನನ್ನು ತಂದು ಬೀದಿಗೆ ಬಿಟ್ಟಂತಾಗುತ್ತಿತ್ತು. ಎ.ಎ. ಸಭೆಯಲ್ಲಿ ನಾಲ್ಕು ಸ್ಥಿತಿಗಳ ಬಗ್ಗೆ ಎಚ್ಚರ ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಇವುಗಳಲ್ಲಿ ಯಾವುದಿದ್ದರೂ ಕಾಲು ಹಳೆಯ ದಾರಿ ಹಿಡಿಯುತ್ತದೆ. ನಾವು ವ್ಯಾಯಾಮದ ಹೆಸರಿನಲ್ಲಿ ಎರಡನ್ನು ಕೈಯಾರೆ ತಯಾರು ಮಾಡುತ್ತಿದ್ದೆವು. ಮನೆಗೆ ಬರುವ ದಾರಿಯಲ್ಲಿ ವೈನ್ ಸ್ಟೋರು. ಒಂದು ಸಂಜೆ ಮಾವ ಅದರ ಎದುರು ನಿಂತು ಶೂ ದಾರ ಕಟ್ಟಿಕೊಂಡರು, ಬಿಚ್ಚಿ ಮತ್ತೆ ಕಟ್ಟಿಕೊಂಡರು. ಮನೆಗೆ ಬಂದವರೇ, "ಗರಡಿ ಇನ್ನೂ ಇದೆಯಾ?" ಎಂದು ಅಜ್ಜಿಯನ್ನು ಕೇಳಿದರು.

ಗರಡಿ ಇತ್ತು. ನಮ್ಮ ಬೀದಿಯ ಹಿಂದಿನ ಓಣಿಯಲ್ಲಿ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದ ಗೋಡೆ, ತಲೆ ತಗ್ಗಿಸದೆ ಒಳಗೆ ಹೋಗಲಾಗದ ಗಿಡ್ಡ ಬಾಗಿಲು. ಒಳಗೆ ಆಂಜನೇಯನ ಪಟ, ಎಣ್ಣೆಯ ದೀಪ, ಗೋಡೆಗೆ ಒರಗಿಸಿದ ಗದೆಗಳು, ಕರ್ಲಾಕಟ್ಟೆಗಳು, ನಡುವೆ ಕೆಂಪು ಮಣ್ಣಿನ ಮಟ್ಟಿ. ಊರಿನಲ್ಲಿ ಜಿಮ್ಮುಗಳು ಬಂದು ಗರಡಿಗೆ ಹುಡುಗರು ಕಡಿಮೆಯಾಗಿದ್ದರು. ಉಸ್ತಾದರಿಗೆ ವಯಸ್ಸಾಗಿತ್ತು. ಮಾವನನ್ನು ನೋಡಿ ಗುರುತು ಹಿಡಿದರು. ಎಲ್ಲಿದ್ದೆ, ಏನಾಗಿತ್ತು ಎಂದು ಒಂದು ಮಾತು ಕೇಳಲಿಲ್ಲ.

"ಡಾಕ್ಟ್ರು ಏನಂದವ್ರೆ?"

"ಭಾರ ಎತ್ತೋದು ಈಗಲೇ ಬೇಡ ಅಂದಿದ್ದಾರೆ, ಉಸ್ತಾದ್."

"ಯಾರು ಎತ್ತು ಅಂದ್ರು? ಸಲಿಕೆ ತಗೊ. ಮಟ್ಟಿ ಗಟ್ಟಿಯಾಗದೆ."

ಮಟ್ಟಿ ಅಗೆಯುವುದು ಕುಸ್ತಿಯವರ ಮೊದಲ ಪಾಠ. ಮಣ್ಣು ಸಡಿಲವಾಗದಿದ್ದರೆ ಬಿದ್ದವನಿಗೆ ಏಟಾಗುತ್ತದೆ. ಮಾವ ಒಂದು ಮೂಲೆಯಿಂದ ನಿಧಾನಕ್ಕೆ ಮಣ್ಣು ತಿರುವಿದರು, ನಾನು ಇನ್ನೊಂದು ಮೂಲೆಯಿಂದ. ಅಗೆಯುತ್ತಿರುವಾಗ ಉಸ್ತಾದರು ಕಟ್ಟೆಯ ಮೇಲೆ ಕೂತು ರಣಧೀರ ಕಂಠೀರವನ ಕಥೆ ಹೇಳುತ್ತಿದ್ದರು: ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಮಣ್ಣು ಮುಕ್ಕಿಸಿದ್ದು, ಆಮೇಲೆ 1638ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದದ್ದು. ಕಥೆ ಒಂದೇ, ದಿನಕ್ಕೊಂದು ಪಟ್ಟು ಸೇರುತ್ತಿತ್ತು. ಅಗೆದಾದ ಮೇಲೆ ಗೋಡೆ ಹಿಡಿದು ಅರ್ಧ ಬಸ್ಕಿ, ಗೋಡೆಗೇ ಕೈ ಊರಿ ದಂಡ. ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ ಮತ್ತೆ ಇಸಿಜಿ ನೋಡಿ ಸಣ್ಣ ಗದೆಗೆ ಒಪ್ಪಿಗೆ ಕೊಟ್ಟರು. ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲವಾದ್ದರಿಂದ ಉಸ್ತಾದರು ಮೊದಲ ದಿನದಿಂದಲೇ ನೆಲದ ಮೇಲೆ ದಂಡ ಹೊಡೆಸಿದರು. ಮೊದಲ ವಾರ ನಾನು ಲೋಟ ಎತ್ತಲೂ ಎರಡು ಕೈ ಹಾಕುತ್ತಿದ್ದೆ.

ಆ ಗರಡಿಯಲ್ಲಿ ಎರಡು ಕಟ್ಟಳೆಗಳಿದ್ದವು. ಕುಡಿದವನು ಆ ದಿನ ಹೊಸ್ತಿಲು ದಾಟುವಂತಿಲ್ಲ, ನಾಳೆ ಬರಬಹುದು. ಸಾಮು ಮುಗಿದ ಮೇಲೆ ಏನೂ ತಿನ್ನದೆ ಯಾರೂ ಹೊರಗೆ ಹೋಗುವಂತಿಲ್ಲ. ನೆನೆಸಿದ ಕಡಲೆಕಾಳು, ಒಂದು ಅಚ್ಚು ಬೆಲ್ಲ, ಇದ್ದ ದಿನ ಬಾಳೆಹಣ್ಣು. ಎ.ಎ. ಸಭೆಯವರ ಪಟ್ಟಿಯನ್ನು ಉಸ್ತಾದರು ಕೇಳಿದವರಲ್ಲ. ಆದರೆ ಹಸಿವು ಅಲ್ಲೇ ತೀರುತ್ತಿತ್ತು. ಹುಡುಗರ ಗದ್ದಲದಲ್ಲಿ ಒಂಟಿತನಕ್ಕೆ ಜಾಗವಿರಲಿಲ್ಲ. ಸಿಟ್ಟಿದ್ದವರಿಗೆ ಮಟ್ಟಿ ಇತ್ತು. ಉಳಿದ ದಣಿವಿಗೆ ಮನೆಯ ಚಾಪೆ. ಆಸ್ಪತ್ರೆಯಿಂದ ಬಂದಾಗಿನಿಂದ ನಿದ್ದೆ ಬರದೆ ರಾತ್ರಿಯೆಲ್ಲ ಹೊರಳಾಡುತ್ತಿದ್ದ ಮಾವ ನಿಧಾನವಾಗಿ ಗೊರಕೆ ಹೊಡೆಯತೊಡಗಿದರು. ಅತ್ತೆಗೆ ಆ ಗೊರಕೆ ಕೇಳಿ ನಿದ್ದೆ ಹೋಯಿತು. ಆದರೂ ಒಂದು ದಿನವೂ ದೂರಲಿಲ್ಲ.

ಕೆಲವು ವಾರಗಳಾದ ಮೇಲೆ ಉಸ್ತಾದರು ಬೀಗದ ಕೈ ಮಾವನಿಗೆ ಕೊಟ್ಟರು. "ನನಗೆ ಮಂಡಿ ನೋವು. ಆರೂವರೆಗೆ ಬಾಗಿಲು ತೆಗೆದು ದೀಪ ಹಚ್ಚು. ಹುಡುಗರು ಓಣೀಲಿ ನಿಂತಿರ್ತವೆ." ಮಂಡಿ ನೋವು ನಿಜವೋ ನೆಪವೋ ನಾನು ಕೇಳಲಿಲ್ಲ. ಅಂದಿನಿಂದ ಕಾರ್ಖಾನೆ ಬಿಟ್ಟ ಮಾವ ಸೀದಾ ಗರಡಿಗೆ ಬರತೊಡಗಿದರು.

ಇಷ್ಟಾಗುವಾಗ ದಸರಾ ಬಂತು. ಈಗ ಹೇಳುವುದು ಆಯುಧ ಪೂಜೆಯ ಸಂಜೆಯ ಮಾತು.

ಆಯುಧ ಪೂಜೆ ಅಂದರೆ ಕಾರ್ಖಾನೆಗಳಲ್ಲಿ ಗರಗಸ, ಉಳಿ, ಸುತ್ತಿಗೆಗಳಿಗೆಲ್ಲ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ, ಮಾಲೀಕರು ಕೆಲಸಗಾರರ ಕೈಗೆ ಬೋನಸ್ಸಿನ ಕವರು ಇಡುವ ದಿನ. ಮಾಲೀಕರು ಮನೆಗೆ ಹೋದ ಮೇಲೆ ಹಿಂದಿನ ಶೆಡ್ಡಿನಲ್ಲಿ ಇನ್ನೊಂದು ಪೂಜೆ ನಡೆಯುವುದು ಬಹಳ ಕಡೆ ರೂಢಿ. ಮಾವನ ಜೊತೆಗಾರರು ಬಾಟ್ಲಿ ತೆಗೆದಿಟ್ಟು ಪ್ರೀತಿಯಿಂದಲೇ ಕರೆದರು: "ಇವತ್ತೊಂದು ದಿನ, ಹಬ್ಬ ಅಲ್ವಾ?" ಇವತ್ತೊಂದು ದಿನ ಕುಡಿಯುವುದು ಬೇಡ ಎನ್ನುವುದು ಎ.ಎ.ಯವರ ಮಾತು. ಅದೇ ಮಾತು ತಿರುಗಿ ನಿಂತಿತ್ತು. ಮಾವ ಬೀಗದ ಕೈ ತೋರಿಸಿ, ಹುಡುಗರು ಕಾಯ್ತಿರ್ತಾರೆ ಎಂದು ಹೇಳಿ ಹೊರಟು ಬಂದರು.

ಗರಡಿಗೆ ಬಂದು ನೋಡಿದರೆ ಬಾಗಿಲು ತೆರೆದಿತ್ತು. ಉಸ್ತಾದರೇ ಬಂದು ಪೂಜೆ ಮುಗಿಸಿದ್ದರು. ಗದೆ, ಕರ್ಲಾಕಟ್ಟೆ, ಸಲಿಕೆಗಳನ್ನೆಲ್ಲ ತೊಳೆದು ಒರಗಿಸಿ, ಸೇವಂತಿಗೆ ಹಾರ ಹಾಕಿ, ಮಟ್ಟಿಯ ಮೇಲೆ ನಿಂಬೆಹಣ್ಣು ಇಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ತನಕ ಮುಟ್ಟುವಂತಿಲ್ಲ. ಹುಡುಗರು ಪ್ರಸಾದ ತಿಂದು ದೀಪಾಲಂಕಾರ ನೋಡಲು ಓಡಿಹೋಗಿದ್ದರು. ಊರೆಲ್ಲ ಕುಡಿಯುವ ಆ ಒಂದು ಸಂಜೆ ಗರಡಿಗೇ ರಜೆ!

ನಾನು ಬರುವಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಅಂಗಿಯ ಜೇಬಿನಲ್ಲಿ ಬೋನಸ್ಸಿನ ಕವರು ಉಬ್ಬಿಕೊಂಡಿತ್ತು. ಬೆರಳುಗಳು ಕವರನ್ನು ಮುಟ್ಟುತ್ತಿದ್ದವು, ಬಿಡುತ್ತಿದ್ದವು. "ನೀನು ಮನೆಗೆ ಹೋಗು. ನಾನು ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ" ಅಂದರು. ಅವರ ಕಣ್ಣು ನನ್ನ ಕಡೆ ಇರಲಿಲ್ಲ. ಏನು ಹೇಳಬೇಕೋ ನನಗೆ ತೋಚಲಿಲ್ಲ.

ಉಸ್ತಾದರು ದೀಪಕ್ಕೆ ಎಣ್ಣೆ ಹಾಕುತ್ತಾ, ಬೆನ್ನು ತಿರುಗಿಸಿಕೊಂಡೇ ಅಂದರು: "ಗದೆಗೆ ಪೂಜೆ ಆಗದೆ, ಸರಿ. ಕಾಲಿಗೆ ಯಾರು ಪೂಜೆ ಮಾಡವ್ರೆ? ಬೆಟ್ಟ ಹತ್ತು ಹೋಗಯ್ಯಾ. ಮರಿ, ನೀನೂ ಹೋಗು. ಕವರು ಇಲ್ಲಿ ಆಂಜನೇಯನ ಮುಂದೆ ಇರ್ಲಿ."

ಮಾವ ನಕ್ಕುಬಿಟ್ಟರು. ನಗು ಬಂದದ್ದು ಅವರಿಗೇ ಆಶ್ಚರ್ಯವಾದಂತಿತ್ತು. ಕವರು ಆಂಜನೇಯನ ಮುಂದೆ ಹೋಯಿತು.

ಚಾಮುಂಡಿಪುರಂ ಸರ್ಕಲ್ ದಾಟಿ ಚಾಮುಂಡಿ ಬೆಟ್ಟದ ಪಾದಕ್ಕೆ ನಡೆದೆವು. ಬೀದಿಯ ಉದ್ದಕ್ಕೂ ತೊಳೆದು ಹಾರ ಹಾಕಿದ ಸ್ಕೂಟರುಗಳು, ಆಟೋಗಳು, ಒಡೆದ ಕುಂಬಳಕಾಯಿ. ಎರಡು ಕಡೆ ಬಾರಿನ ಮುಂದೆ ಜನ ರಸ್ತೆಗೆ ಬಂದು ನಿಂತಿದ್ದರು. ಅಲ್ಲೆಲ್ಲ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು ಬೇಗ ನಡೆದರು. ಆ ಕೈಯ ಭಾರದಲ್ಲೇ ಆಸೆ ಏರುವುದು, ಇಳಿಯುವುದು ನನಗೆ ಗೊತ್ತಾಗುತ್ತಿತ್ತು.

ಪಾದದಲ್ಲಿ ಮಾವ ಡಾಕ್ಟರಮ್ಮನ ಮಾತು ನೆನಪಿಸಿದರು. "ಮಾತು ನಿಂತ್ರೆ ನಿಲ್ಲಬೇಕು. ನಾನು ಮಾತಾಡ್ತಾನೇ ಇರ್ತೀನಿ, ನೀನು ಕೇಳಿಸ್ಕೊ." ಆ ಮೆಟ್ಟಿಲುಗಳು 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದವು, ಹೆಚ್ಚೂ ಕಡಿಮೆ ಸಾವಿರ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಇಟ್ಟ ಅರಿಶಿನ ಕುಂಕುಮ ಬೀದಿ ದೀಪದಲ್ಲಿ ಕಾಣುತ್ತಿತ್ತು. ಬೆಟ್ಟದಲ್ಲಿ ಚಿರತೆ ಇದೆ ಎನ್ನುವುದು ಮೈಸೂರಿನವರಿಗೆಲ್ಲ ಗೊತ್ತು. ನನಗೆ ಆಗ ನೆನಪಾಯಿತು. ಮಾವ ಅಷ್ಟು ಮಾತಾಡುತ್ತಿದ್ದುದು ನನಗೆ ಎರಡು ಕಾರಣಕ್ಕೆ ಧೈರ್ಯ ಕೊಟ್ಟಿತು.

ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ, ಮಾವನೂ ಹೇಳದಿದ್ದ ಸಂಗತಿಗಳು ಆ ಮೆಟ್ಟಿಲುಗಳ ಮೇಲೆ ಬಂದವು. ಕುಡಿತ ದುಃಖಕ್ಕೆ ಶುರುವಾದದ್ದಲ್ಲವಂತೆ. ಹದಿನೆಂಟು ವಯಸ್ಸಿನಲ್ಲಿ ಮೊದಲ ಸಂಬಳದ ದಿನ, ಹಗಲೆಲ್ಲ ಬಗ್ಗಿ ಕೂತು ಕತ್ತು ಹಿಡಿದುಕೊಂಡಿತ್ತು. ಹಿರಿಯ ಕೆಲಸಗಾರನೊಬ್ಬ ಕರೆದುಕೊಂಡು ಹೋಗಿ ಕುಡಿಸಿದನಂತೆ. ಕತ್ತು ಹಗುರವಾಯಿತಂತೆ. "ಅಷ್ಟೇ ಕಣೋ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದೀನಿ, ಸಿಕ್ಕಿಲ್ಲ." ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಹಗಲೆಲ್ಲ ಈ ಕೈ ಒಂದು ನೂಲಿನ ದಪ್ಪದ ಗೆರೆ ಮೇಲೇ ಇರುತ್ತೆ. ಆ ಕಡೆ ಈ ಕಡೆ ಹೋಗೋ ಹಾಗಿಲ್ಲ. ಆರು ಗಂಟೆಗೆ ಗರಗಸ ಕೆಳಗಿಟ್ಟ ತಕ್ಷಣ ಕೈ ಖಾಲಿ. ಅಷ್ಟು ಖಾಲಿಯಾದ ಕೈಗೆ ಏನಾದ್ರೂ ಹಿಡ್ಕೊಳ್ಳೋದು ಬೇಕಾಗುತ್ತೆ. 25 ವರ್ಷ ಗ್ಲಾಸು ಹಿಡ್ಕೊಂಡೆ. ಈಗ ಗದೆ."

"ಗದೆ ಇಲ್ಲದ ದಿನ?" ಅಂದೆ.

"ನಿನ್ನ ಹೆಗಲು" ಅಂದರು.

ನಂದಿಯ ಹತ್ತಿರ ಬರುವಷ್ಟರಲ್ಲಿ ಮಾತಾಡಲಾಗದೆ ನಿಂತವನು ನಾನು. ಮಾವ ನನ್ನನ್ನು ಕೂರಿಸಿ, ನೀರು ಕುಡಿಸಿ, ಜೇಬಿನಿಂದ ಕಡ್ಲೆಮಿಠಾಯಿ ಕೊಟ್ಟರು. ಹಿಂದೆ ಸುಮಾರು 16 ಅಡಿಯ ಏಕಶಿಲೆಯ ನಂದಿ, ಮುಂದೆ ಊರು. ಅರಮನೆಯ ಹೆಚ್ಚೂ ಕಡಿಮೆ ಒಂದು ಲಕ್ಷ ಬಲ್ಬು ಒಟ್ಟಿಗೆ ಉರಿಯುತ್ತಿದ್ದವು. ಮಾವ ಅದನ್ನು ನೋಡಿ, "ಇದನ್ನ ಹಲಗೆಯಲ್ಲಿ ಕೂರಿಸೋಕೆ ಯಾವ ಮರ ಹಾಕ್ಬೇಕು? ಹಲಸು ಸಾಲಲ್ಲ" ಎಂದು ಯೋಚಿಸುತ್ತಾ ಕೂತರು. ಎಷ್ಟು ಗಂಟೆ ಎಂದು ಕೇಳಿದರು. ಎಂಟೂವರೆ ದಾಟಿತ್ತು. "ಹೊತ್ತು ಕಳೀತು, ಏಳು" ಅಂದರು. ಇಳಿದು ಬಂದೆವು. ಮರುದಿನ ನನಗೆ ಏಳಲಾಗಲಿಲ್ಲ. ಜಂಬೂ ಸವಾರಿಯನ್ನು ಟಿ.ವಿ.ಯಲ್ಲಿ ನೋಡಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಯುಗಾದಿಯ ಸುಮಾರಿಗೆ ಮಾವ ಕಾಲು ಉಳುಕಿಸಿಕೊಂಡರು. ಪಾದ ಊದಿ ಪಟ್ಟಿ ಕಟ್ಟಿಸಿಕೊಂಡರು. ಸಾಮು ಮಾಡಲಾಗದ ಮೇಲೆ ಗರಡಿಗೆ ಹೋಗಿ ಏನು ಮಾಡುವುದು ಎಂದು ಮನೆಯಲ್ಲೇ ಕೂತರು. ಬೀಗದ ಕೈ ಉಸ್ತಾದರಿಗೆ ಕಳಿಸಿದರು. ಒಂದು ವಾರವಾಗಿರಬಹುದು, ಕುಂಟುತ್ತಾ ಹೋಗಿ ಕುಡಿದು ಬಂದರು. ಅಜ್ಜಿ ಕೂಗಾಡಲಿಲ್ಲ, ಚಿಲಕವನ್ನೂ ಹಾಕಲಿಲ್ಲ. ಬೆಳಿಗ್ಗೆ ನಾನೂ ಅತ್ತೆಯೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಡವಿದ್ದನ್ನು ಎಡವಿದ್ದು ಎಂದೇ ನೋಡಬೇಕು, ಹಿಂದಿನ ತಿಂಗಳುಗಳೆಲ್ಲ ಹಾಳಾದವು ಎಂದುಕೊಂಡರೆ ಮತ್ತೆ ಏಳಲಾಗುವುದಿಲ್ಲ ಎಂದು ಡಾಕ್ಟರಮ್ಮ ಮಾತ್ರೆ ಬದಲಿಸಿದರು. ಸಂಜೆ ಉಸ್ತಾದರು ಒಬ್ಬ ಹುಡುಗನ ಕೈಯಲ್ಲಿ ಬೀಗದ ಕೈ ವಾಪಸು ಕಳಿಸಿದರು. ಜೊತೆಗೊಂದು ಮಾತು: "ಕಾಲು ಉಳುಕಿದ್ರೆ ಬಸ್ಕಿ ಬೇಡ. ಬಾಗಿಲು ತೆಗೆಯೋಕೆ ಕೈ ಸಾಕು. ಬಂದು ಕೂತು ಕಡಲೆ ಹಂಚು."

ಮಾವ ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು ಕಟ್ಟೆಯ ಮೇಲೆ ಕೂತು ಹುಡುಗರ ಬಸ್ಕಿ ಎಣಿಸಿದರು, ರಣಧೀರ ಕಂಠೀರವನ ಕಥೆ ಹೇಳಿದರು. ಒಂದು ಹನಿ ಬೆವರು ಬರದಿದ್ದರೂ ಆ ಸಂಜೆಗಳು ದಾಟಿದವು. ಮೈ ಗಟ್ಟಿಯಾದರೆ ಮನಸ್ಸು ಗಟ್ಟಿಯಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಮೈ ಗಟ್ಟಿಯಾದದ್ದು ನಿಜ, ಕೈ ನಿಂತದ್ದು ನಿಜ, ನಿದ್ದೆ ಬಂದದ್ದೂ ನಿಜ. ಆದರೆ ಮಾವನನ್ನು ಹಿಡಿದು ನಿಲ್ಲಿಸಿದ್ದು ತೋಳಿನ ಬಲಕ್ಕಿಂತ ಹೆಚ್ಚಾಗಿ ಆ ಹೊತ್ತು. ಆರೂವರೆಗೆ ಅವರು ಎಲ್ಲಿರಬೇಕು ಎನ್ನುವುದು ಹತ್ತು ಜನಕ್ಕೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮನೆಯವರ ಜಗಳದಲ್ಲಿ ನನ್ನ ಉತ್ತರ ಇದು.

ಉಸ್ತಾದರು ಈಗಿಲ್ಲ. ಗರಡಿಯ ದೀಪ ಮಾವನೇ ಹಚ್ಚುತ್ತಾರೆ. ಆಸ್ಪತ್ರೆಯಲ್ಲಿ ಹೊಸಬರ ಜೊತೆ ಮಾತಾಡಲು ಆಗಾಗ ಅವರನ್ನು ಕರೆಯುತ್ತಾರೆ, ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಹೋದ ಸಲ ಒಬ್ಬ ಹುಡುಗ, ಇನ್ನೂ ಮೂವತ್ತಾಗಿರಲಿಕ್ಕಿಲ್ಲ, ಮಾವನ ತೋಳು ನೋಡಿ ಕೇಳಿದ: "ದಿನಕ್ಕೆ ಎಷ್ಟು ಬಸ್ಕಿ ಹೊಡೆದ್ರೆ ಇದು ಬಿಡುತ್ತೆ, ಅಣ್ಣಾ?"

"ಎಷ್ಟು ಅಂತ ಕೇಳ್ಬೇಡ. ಎಷ್ಟು ಹೊತ್ತಿಗೆ ಅಂತ ಕೇಳು. ನೀನು ಕುಡಿಯೋದು ಯಾವಾಗ? ಸಂಜೆ ತಾನೆ?"

ಹುಡುಗ ತಲೆ ತಗ್ಗಿಸಿದ. "ಇಲ್ಲಣ್ಣಾ. ನಂದು ಬೆಳಿಗ್ಗೆ ಐದಕ್ಕೇ ಶುರುವಾಗುತ್ತೆ."

ಮಾವ ಒಂದು ಗಳಿಗೆ ಯೋಚಿಸಿದರು. "ಸರಿ, ಡಾಕ್ಟ್ರು ಹೂಂ ಅಂದ ದಿನದಿಂದ ನಾಲ್ಕೂಮುಕ್ಕಾಲಿಗೆ ಬಾ. ಬಾಗಿಲು ತೆಗೆದಿರ್ತೀನಿ" ಅಂದವರು, ನನ್ನ ಕಡೆ ತಿರುಗಿ, "ಇವನೂ ಬರ್ತಾನೆ" ಎಂದು ಸೇರಿಸಿದರು.